ಒಡೆದ ರಸ

ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಅಷ್ಟಿಷ್ಟಾದರೂ ಸುಧಾರಿಸಿ ಕಂಡೀತು ಎಂದು ಆರ್ಲಿಸ್‌ಗೆ ಅನಿಸಿತ್ತು. ಸುಧಾರಿಸಿರಲಿಲ್ಲ. ಮೇಲೆ ಕೆಂಪು ತಿರುಳು, ಕೆಳಗೆ ಹಳದಿ ನೀರು, ನಡುವೆ ಯಾರೋ ಅಳತೆಪಟ್ಟಿ ಇಟ್ಟು ಎಳೆದಂಥ ಗೆರೆ. ಹಿಮದ ಮೇಲಿಂದ ಬಂದ ಬಿಸಿಲು ಆ ಹಳದಿ ನೀರಿನೊಳಗೆ ಹೊಕ್ಕು ಅಡುಗೆಮನೆಯ ಗೋಡೆಯ ಮೇಲೆ ಒಂದು ಅಸಹ್ಯವಾದ ಬಣ್ಣದ ಮಚ್ಚೆ ಮಾಡಿತು. ಅವಳು ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು, ಕತ್ತು ಹಿಸುಕುವವಳ ಹಾಗೆ ಕುಲುಕಿದಳು. ಒಡೆದದ್ದು ಒಂದಾಯಿತು, ಒಳ್ಳೆಯ ಮನೆತನದ ಟೊಮೆಟೊ ರಸದ ಹಾಗೆ ದಪ್ಪಗೆ, ಕೆಂಪಗೆ, ಗಂಭೀರವಾಗಿ ನಿಂತಿತು. ಆರ್ಲಿಸ್ ಅದನ್ನು ಮೇಜಿನ ಮೇಲಿಟ್ಟು, ನೋಡುತ್ತಿಲ್ಲವೆಂಬಂತೆ ನಟಿಸುತ್ತ ಮೂಲಂಗಿಯ ಜಾತಿಯ ಆ ಖಾರದ ಬೇರನ್ನು ತುರಿಯತೊಡಗಿದಳು. ತಿರುಗಿ ನೋಡುವಷ್ಟರಲ್ಲಿ ಗೆರೆ ಮತ್ತೆ ಬಂದಿತ್ತು. ಕಾರ್ಮಿಕ ಸಂಘದ ಮೀಟಿಂಗಿನಲ್ಲಿ ಕೈಯೆತ್ತಿ ಒಗ್ಗಟ್ಟು ಎಂದವರು ಬಾಗಿಲಾಚೆ ಹೋಗುತ್ತಿದ್ದ ಹಾಗೆ ಗುಂಪುಗುಂಪಾಗಿ ನಿಂತು ಪಿಸುಗುಡುತ್ತಿದ್ದರಲ್ಲ, ಇದಕ್ಕೂ ಅದೇ ಚಾಳಿ ಅಂದುಕೊಂಡಳು.

ಅಮ್ಮ ಹಿಲ್ಡಾ ಚರ್ಚಿಗೆ ಹೋಗಿದ್ದಳು. ಪಾದ್ರಿಯ ಮಾತು ಮುಗಿದದ್ದೇ ಎಲ್ಲರೂ ನೇರ ಈ ಮನೆಗೆ ಬರುತ್ತಾರೆ. ಕ್ರಿಸ್‌ಮಸ್ ದಿನ ಹಿಲ್ಡಾಳ ಮನೆಯಲ್ಲಿ ಟೊಮೆಟೊ ರಸಕ್ಕೆ ವೋಡ್ಕಾ ಬೆರೆಸಿದ ಬ್ಲಡಿ ಮೇರಿ ಕುಡಿಯದೆ ಯಾರಿಗೂ ಬೆಳಗಾಗುವುದಿಲ್ಲ. ಇಡೀ ವಿಸ್ಕಾನ್ಸಿನ್‌ನಲ್ಲಿ ಅದನ್ನು ಕುಡಿಯದ ಮನೆ ಇಲ್ಲ, ಆದರೆ ಈ ಮನೆಗೆ ಒಂದು ಪದ್ಧತಿ ಇತ್ತು. ಮಾಡಿದವಳು ಬಾಗಿಲಲ್ಲೇ ನಿಂತು, ಕಾಲೊರಸಿನ ಮೇಲಿರುವಾಗಲೇ ಬಂದವರ ಒಂದು ಕೈಗೆ ಕೆಂಪು ಲೋಟ, ಇನ್ನೊಂದು ಕೈಗೆ ಮೇಲಿನಿಂದ ಗುಟುಕರಿಸಲು ಒಂದು ಪುಟ್ಟ ಲೋಟ ಬಿಯರು ಕೊಡಬೇಕು. ಲೋಟ ಸಿಕ್ಕ ಮೇಲೆಯೇ ಒಳಗೆ ಬರುವುದು. ಸಿಗದವರು ಬಂದ ಲೆಕ್ಕವಲ್ಲ. ಅಪ್ಪ ಬದುಕಿದ್ದಾಗ ಒಮ್ಮೆ ವಿಮೆಯ ಏಜೆಂಟನೊಬ್ಬ ಹಾಗೆ ಲೋಟವಿಲ್ಲದೆ ಕಾಲೊರಸಿನ ಮೇಲೆಯೇ ನಿಂತು ತನ್ನ ಭಾಷಣ ಪೂರ್ತಿ ಮುಗಿಸಿ ಹಾಗೇ ಹಿಂದಿರುಗಿದ್ದ. ಅಪ್ಪ ಹೋದ ಮೇಲೆ ಲೋಟ ಕೊಡುವ ಕೈ ಆರ್ಲಿಸ್‌ಳದಾಯಿತು, ಅದರ ಬಗ್ಗೆ ಅವಳಿಗೆ ಒಳಗೊಳಗೇ ಒಂದು ಜಂಬವೂ ಇತ್ತು. ಇವತ್ತು ಆ ಕೈ ತನ್ನದಾಗಿರಬಾರದಿತ್ತು. ಇವತ್ತು ಲೆನೋರ್ ಬರುತ್ತಾಳೆ. ತಂಗಿ ಲೆನೋರ್, ಜುಲೈ ತಿಂಗಳಲ್ಲಿ ಮುಷ್ಕರ ಮುರಿದು ಸಾಸೇಜ್ ಕಾರ್ಖಾನೆಯ ಗೇಟು ದಾಟಿ ಒಳಗೆ ಹೋದವಳು. ಅಮ್ಮ ಮೊನ್ನೆಯೇ ಸೂಜಿಗೆ ದಾರ ಪೋಣಿಸುತ್ತ, ತಲೆಯೆತ್ತದೆ ಹೇಳಿಬಿಟ್ಟಿದ್ದಳು. ಅವಳು ಬರ್ತಾಳೆ, ನೀನು ಅವಳ ಕೈಗೆ ಲೋಟ ಕೊಡ್ತೀಯ, ಆಗಲ್ಲ ಅಂದ್ರೆ ಈ ವರ್ಷದಿಂದ ಈ ಮನೇಲಿ ಯಾರೂ ಏನೂ ಕುಡಿಯೋದು ಬೇಡ, ನಾನು ಬಾಗಿಲು ಹಾಕ್ಕೊಂಡು ಮಲಗ್ತೀನಿ ಅಂತ.

ಕೊಡುವುದು ಹೇಗೆ? ಮುಷ್ಕರದ ಮೊದಲ ವಾರದಲ್ಲಿ ಸಂಘದ ಹಾಲಿನಲ್ಲಿ ಎಲ್ಲರನ್ನೂ ಎದ್ದು ನಿಲ್ಲಿಸಿ ಪ್ರತಿಜ್ಞೆ ಮಾಡಿಸಿದವಳು ಸ್ವತಃ ಆರ್ಲಿಸ್. ಗೇಟು ದಾಟಿದವರ ಕೈಗೆ ನನ್ನ ಕೈಯಿಂದ ತಿನ್ನುವುದಾಗಲಿ ಕುಡಿಯುವುದಾಗಲಿ ಹೋಗುವುದಿಲ್ಲ. ಹಾಲಿನ ಹಿಂದಿನ ಕೋಣೆಯಲ್ಲಿ ಗುರುವಾರಗುರುವಾರ ಕೂತು ಹಳೆಯ ಹೋರಾಟಗಳ ಚರಿತ್ರೆ ಓದುತ್ತಿದ್ದ ಏಳೆಂಟು ಹೆಂಗಸರ ಕೂಟದಲ್ಲಿ ಆ ವಾಕ್ಯ ಹುಟ್ಟಿತ್ತು. ಉಳಿದವರು ಬರೀ ‘ಸಹಕರಿಸುವುದಿಲ್ಲ’ ಅಂದಿದ್ದರು. ಅದು ಬ್ಯಾಂಕಿನ ಭಾಷೆ, ಮೈಗೆ ತಾಗುವುದಿಲ್ಲ, ಕೈ ಬರಬೇಕು ಅಂತ ಹಟ ಹಿಡಿದವಳು ಆರ್ಲಿಸ್. ಕೈ ಬಂತು. ಎಲ್ಲರೂ ಆ ಕೈಯನ್ನೇ ಎತ್ತಿ ಹೇಳಿದರು, ಕೊನೆಯ ಸಾಲಿನಲ್ಲಿ ಲೆನೋರ್ ಕೂಡ ಹೇಳಿದಳು, ಆರ್ಲಿಸ್ ನೋಡಿದ್ದಳು, ತಂಗಿಯ ಬೆರಳಿಗೆ ಆಗ ಪ್ಯಾಕಿಂಗ್ ಯಂತ್ರ ಕಚ್ಚಿದ ಪಟ್ಟಿ ಸುತ್ತಿತ್ತು. ಆಮೇಲೆ ಅವಳೇ ಗೇಟು ದಾಟಿದ ಕಾರಣ ಊರಿಗೆಲ್ಲ ಗೊತ್ತಿತ್ತು. ಗೇಲಾರ್ಡನ ಬೆನ್ನು. ಮರದ ಅಡ್ಡೆಯಲ್ಲಿ ಜಾರಿ ಬಿದ್ದು ಕೆಲಸವಿಲ್ಲದೆ ಮನೆಯಲ್ಲಿ ಕೂತ ಗಂಡನ ಬೆನ್ನು. ಬೆನ್ನು ಯಾರಿಗಿಲ್ಲ? ಆರ್ಲಿಸ್ ಒಬ್ಬಳೇ ಇರುವಾಗ ಎಷ್ಟು ಸಲ ಗೋಡೆಗೆ ಹೀಗೆ ಕೇಳಿದ್ದಳು. ನಮಗೆಲ್ಲ ಬೆನ್ನೇ ಇಲ್ಲದೆ ತಲೆ ನೇರ ಕಾಲಿಗೆ ಅಂಟಿಕೊಂಡಿದೆಯಾ? ನವೆಂಬರಿನಲ್ಲಿ ಮುಷ್ಕರ ಸತ್ತಿತು. ಮೊದಲು ದಾಟಿದವರು ಒಳಗೇ ಉಳಿದರು; ಹೊರಗಿದ್ದವರಿಗೆ ಕರೆಯುತ್ತೇವೆ, ಫೋನಿನ ಹತ್ತಿರವೇ ಇರಿ ಅಂದರು. ಆರ್ಲಿಸ್ ಈಗ ಆಸ್ಪತ್ರೆಯ ಹಾಸಿಗೆಬಟ್ಟೆ ಒಗೆಯುವ ಕೆಲಸದಲ್ಲಿದ್ದಳು, ಫೋನಿನಿಂದ ಬಲುದೂರ.

ಬೇರಿನ ಘಾಟು ಮೂಗಿಗೆ ಏರಿತು. ಬಾಟಲಿಯನ್ನು ಇನ್ನೊಮ್ಮೆ ಕುಲುಕಿದಳು. ಹೆಚ್ಚಿದ ಟೊಮೆಟೊ ಸುಮ್ಮನೆ ಕೂತಿರಬಾರದು, ಕೂತರೆ ರಸ ಒಡೆಯುತ್ತದೆ, ಅದಕ್ಕೆ ತಾಳ್ಮೆಯಿಲ್ಲ. ಚಾಕುವಿನಿಂದ ಬಿದ್ದದ್ದು ನೇರ ಕುದಿಯುವ ಪಾತ್ರೆಗೇ ಬೀಳಬೇಕು. ಒಬ್ಬಳು ಹೆಚ್ಚಬೇಕು, ಇನ್ನೊಬ್ಬಳು ಮರದ ಸಟ್ಟುಗದಲ್ಲಿ ಅಲ್ಲೇ ಜಜ್ಜುತ್ತ ತಳ ಹಿಡಿಯದ ಹಾಗೆ ಕಲಕುತ್ತಿರಬೇಕು. ಇದು ಇಬ್ಬರ ಕೆಲಸ, ಅವರಿಬ್ಬರೂ ಎತ್ತರದ ಸ್ಟೂಲು ಬೇಕಾಗಿದ್ದ ವಯಸ್ಸಿನಿಂದ ಮಾಡಿಕೊಂಡು ಬಂದ ಕೆಲಸ. ಆರ್ಲಿಸ್ ಹೆಚ್ಚುವುದು, ಲೆನೋರ್ ಕಲಕುವುದು, ಆಗಸ್ಟಿನ ಸೆಕೆ, ಸೆಲರಿ ಸೊಪ್ಪಿನ ವಾಸನೆ, ಮೊಣಕೈವರೆಗೆ ಅಂಟಿಕೊಂಡ ಬೀಜ, ಸಾಮಾನ್ಯವಾಗಿ ಯಾರೋ ಒಬ್ಬ ಹುಡುಗನ ವಿಷಯ, ಆಮೇಲಾಮೇಲೆ ಯಾರೋ ಒಬ್ಬ ಮೇಲ್ವಿಚಾರಕನ ವಿಷಯ. ಈ ಆಗಸ್ಟಿನಲ್ಲಿ ಆರ್ಲಿಸ್ ಒಬ್ಬಳೇ ಒಂದು ಇಡೀ ದೊಡ್ಡ ಬೋಗುಣಿ ಹೆಚ್ಚಿದಳು, ಆಮೇಲೆ ಒಲೆ ಹಚ್ಚಿದಳು. ತಪ್ಪು ಎಂದು ಗೊತ್ತಿತ್ತು. ಗೊತ್ತಿದ್ದೂ, ಯಾರ ಹಂಗೂ ಬೇಡ ಎಂಬ ಹೊಸ ಉತ್ಸಾಹದಲ್ಲಿ, ಎರಡು ಕೈಯ ಹೆಣ್ಣಿಗೆ ಇನ್ನೆರಡು ಕೈ ಯಾಕೆ ಎಂದು ತನಗೇ ಭಾಷಣ ಬಿಗಿದುಕೊಳ್ಳುತ್ತ, ಹೆಚ್ಚಿದ್ದನ್ನು ಹಾಗೇ ಕೂರಿಸಿದ್ದಳು. ಅಮ್ಮ ಅವತ್ತು ಬಾಗಿಲ ಹತ್ತಿರ ಬಂದು ಸಟ್ಟುಗ ನಾನು ಹಿಡೀಲಾ ಎಂದು ಕೇಳಿದ್ದಳು. ಬೇಡ ಅಂದದ್ದೂ ನೆನಪಿತ್ತು, ಅಂದ ದನಿಯೂ ನೆನಪಿತ್ತು. ಬೇಡ ಅನ್ನುವುದಕ್ಕೆ ಅಷ್ಟು ದೊಡ್ಡ ದನಿ ಬೇಕಿರಲಿಲ್ಲ.

ಹಿಂಬಾಗಿಲು ತಳ್ಳಿಕೊಂಡು ಆರ್ವಿಲ್ ಮಾವ ಬಂದ. ಅಮ್ಮನ ತಮ್ಮ, ಚರ್ಚಿಗೆ ಹೋದರೆ ಮೊಣಕಾಲು ನೋಯುತ್ತದೆ, ಹಿಮದಲ್ಲಿ ಜಿಂಕೆ ಹೊಡೆಯಲು ಮರ ಹತ್ತಿ ಕೂತರೆ ನೋಯುವುದಿಲ್ಲ. ತನ್ನ ಪಾಲಿನ ಕೊಡುಗೆ ತಂದಿದ್ದ: ಜಿಂಕೆ ಮಾಂಸದ ಒಣಕಡ್ಡಿಗಳು, ಲೋಟಕ್ಕೊಂದರಂತೆ ಸಿಕ್ಕಿಸಲು. ಕಾರ್ಖಾನೆಯ ಮಾಂಸದ ಕಡ್ಡಿಯನ್ನು ಈ ಮನೆಯಲ್ಲಿ ಜೂನ್ ತಿಂಗಳಿಂದ ಯಾರೂ ಮುಟ್ಟಿರಲಿಲ್ಲ. ರುಚಿ ನೋಡೋಕೆ ಒಂದು ಗುಟುಕು ಅಂದ. ಆರ್ಲಿಸ್ ಕುಲುಕಿ, ಬೇಗ ಬಗ್ಗಿಸಿ, ಬೇಗ ಕುಡಿ ಮಾವ ಅಂದಳು. ಅವನು ಬೇಗ ಕುಡಿಯುವವನಲ್ಲ. ಕುರ್ಚಿ ಎಳೆದುಕೊಂಡ, ಕನ್ನಡಕ ಒರೆಸಿಕೊಂಡ, ಪಾದ್ರಿಯ ಮಗನಿಗೆ ಹೊಸ ಲಾರಿ ಬಂದ ಸುದ್ದಿ ಹೇಳಿದ, ಆಮೇಲೆ ಲೋಟವನ್ನು ಕಣ್ಣಿನೆದುರು ಎತ್ತಿದ. ಅಷ್ಟರಲ್ಲಿ ಅದರೊಳಗೆ ಆಗಬೇಕಾದದ್ದು ಆಗಿಹೋಗಿತ್ತು.

“ಇದೇನೇ ಇದು, ಮಹಡಿ ಮನೆ ಕಟ್ಟಿಸಿದೀಯ,” ಅಂದ. “ಕೆಳಗಡೆ ಬಾಡಿಗೆಗೆ ಕೊಡ್ತೀಯಾ?”

ಕಲಕಿಕೊಂಡು ಕುಡಿ ಎಂದು ಆರ್ಲಿಸ್ ಗದರಿದಳು. ಅವನು ಜಿಂಕೆಯ ಕಡ್ಡಿಯಲ್ಲೇ ಕಲಕಿ, ಕುಡಿದು, ಬಾಯಿ ಚಪ್ಪರಿಸಿ, ಹೊಟ್ಟೆಗೆ ಹೋದ ಮೇಲೆ ಹೇಗಿದ್ದರೂ ಎಲ್ಲ ಒಂದೇ ಅಂತಸ್ತು ಅಂದ. ಸಮಾಧಾನಕ್ಕೆಂದೇ ಅಂದ ಮಾತು, ಆದರೆ ಆರ್ಲಿಸ್‌ಗೆ ಕಿವಿಯ ತುದಿ ಬಿಸಿಯಾಯಿತು. ಎಲ್ಲರೂ ಲೋಟ ಎತ್ತಿ ಹೀಗೆಯೇ ನೋಡುತ್ತಾರೆ. ಮಾವನ ಮಗಳು ಡೆಲ್ಫಿನ್ ನೋಡುತ್ತಾಳೆ, ಗೇಟಿನೆದುರು ಬೆಂಕಿಯ ಡ್ರಮ್ಮಿನ ಪಕ್ಕ ಅವಳ ಹೆಗಲಿಗೆ ಹೆಗಲು ಕೊಟ್ಟು ನಿಂತಿದ್ದವಳು, ಯಾವುದನ್ನೂ ಮರೆಯದವಳು. ಲೆನೋರ್ ನೋಡುತ್ತಾಳೆ. ಲೆನೋರ್‌ಗಂತೂ ಒಂದೇ ನೋಟ ಸಾಕು, ಏನಾಗಿದೆ, ಯಾಕಾಗಿದೆ, ಆ ದಿನ ಯಾರಿರಲಿಲ್ಲ, ಎಲ್ಲ ಓದಿಕೊಂಡುಬಿಡುತ್ತಾಳೆ. ಅಕ್ಕನಿಗೆ ನಾನಿಲ್ಲದೆ ಟೊಮೆಟೊ ಕೂಡ ಕೂಡುವುದಿಲ್ಲ ಅಂತ.

ನೆಲಮಾಳಿಗೆಯಲ್ಲಿ ಲೆನೋರಳ ಬಾಟಲಿಗಳಿವೆ ಎಂಬುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಅಕ್ಟೋಬರಿನಲ್ಲಿ ಗೇಲಾರ್ಡನ ಕೈಯಲ್ಲಿ ಅಮ್ಮನಿಗೆ ಕಳಿಸಿದ್ದಳು. ಅಮ್ಮ ಬೇಕೆಂದೇ ಮೆಟ್ಟಿಲಿಗೆ ಎದುರಾಗಿರುವ ಹಲಗೆಯ ಮೇಲೆ ಜೋಡಿಸಿದ್ದಳು, ಆಲೂಗಡ್ಡೆ ತರಲು ಇಳಿದವರ ಕಣ್ಣಿಗೆ ಮೊದಲು ಅವೇ ಬೀಳಬೇಕು. ಆರ್ಲಿಸ್ ಇಷ್ಟು ದಿನ ಆಲೂಗಡ್ಡೆಗೆ ಇಳಿಯುವಾಗ ಗೋಡೆಯನ್ನು ನೋಡಿಕೊಂಡು ಇಳಿದಿದ್ದಳು. ಇವತ್ತು ಮಾವನಿಗೆ ಬಿಯರಿನ ಲೋಟ ಕೊಟ್ಟು ಕೂರಿಸಿ ಇಳಿದಾಗ ಎದುರಿಗೇ ನೋಡಿದಳು. ಬಲ್ಬಿನ ಬೆಳಕಿನಲ್ಲಿ ಒಂದೊಂದೂ ತುದಿಯಿಂದ ತಳದವರೆಗೆ ಒಂದೇ ಕೆಂಪು. ಎಲ್ಲೂ ಗೆರೆಯಿಲ್ಲ. ಹಾಗಾದರೆ ಇವಳ ಪಾತ್ರೆಯ ಹತ್ತಿರ ಯಾರೋ ನಿಂತಿದ್ದರು. ಯಾರು? ಗೇಲಾರ್ಡನಿಗೆ ಸಟ್ಟುಗದ ಯಾವ ತುದಿ ಹಿಡಿಯಬೇಕೆಂದೂ ತಿಳಿಯದು, ಮೇಲಾಗಿ ಬೆನ್ನು. ಅಮ್ಮ? ಅಮ್ಮ ಗುಟ್ಟಾಗಿ ಬಸ್ಸು ಹತ್ತಿ ಹೋಗಿ ಅಲ್ಲಿ ಕಲಕಿ ಬಂದಿರಬಹುದೇ? ಅಥವಾ ಕಾರ್ಖಾನೆಯೊಳಗಿನ ಹೊಸ ಗೆಳತಿ ಯಾರಾದರೂ, ದಾಟಿದವಳಿಗೆ ದಾಟಿದವಳು ಜೊತೆ, ಸೆಕೆಯಲ್ಲಿ ನಗುತ್ತ, ಹೊರಗೆ ಗೇಟಿನೆದುರು ಬಿಸಿಲಲ್ಲಿ ನಿಂತವರನ್ನು ಆಡಿಕೊಳ್ಳುತ್ತ? ಗೇಟು ದಾಟಿದ್ದಕ್ಕಿಂತ ಇದು ಹೆಚ್ಚು ಉರಿಯಿತು, ಹೀಗೆ ಉರಿಯುತ್ತಿರುವುದು ನಾಚಿಕೆಗೇಡು ಎಂದೂ ಗೊತ್ತಾಯಿತು. ವರ್ಗಪ್ರಜ್ಞೆ ಎಂದು ಗುರುವಾರದ ಕೂಟದಲ್ಲಿ ಅಷ್ಟೊಂದು ಓದಿದ್ದು ಕೊನೆಗೆ ಯಾರು ಯಾರ ಪಾತ್ರೆ ಕಲಕಿದರು ಎಂಬಲ್ಲಿಗೆ ಬಂದು ಕುಕ್ಕರುಬಡಿಯಿತಲ್ಲ.

ಆ ಜುಲೈ ಬೆಳಗ್ಗೆಯೂ ಹೀಗೇ ಆಗಿತ್ತು. ಲೆನೋರಳ ಹಳೆಯ ನೀಲಿ ಗಾಡಿ ತಿರುವಿನಲ್ಲಿ ಕಾಣಿಸಿದಾಗ ಡೆಲ್ಫಿನ್ ಮೊದಲು ಕೂಗಿದಳು, ಆಮೇಲೆ ಎಲ್ಲರೂ ಕೂಗಿದರು, ಬಾಯಿಗೆ ಬಂದದ್ದೆಲ್ಲ. ಎಲ್ಲರೂ ಕೂಗುತ್ತಲೇ ಆರ್ಲಿಸ್‌ಳ ಕಡೆ ನೋಡುತ್ತಿದ್ದರು. ಅವಳ ಬಾಯಿಂದ ಬಂದರೆ ಅದಕ್ಕೊಂದು ಬೆಲೆ. ಅವಳು ಎದೆ ತುಂಬ ಉಸಿರೆಳೆದುಕೊಂಡಳು. ಗಾಡಿ ಹತ್ತಿರ ಬಂತು, ಕಿಟಕಿಯೊಳಗೆ ತಂಗಿಯ ಮುಖ ಮುಂದಕ್ಕೇ ನೆಟ್ಟಿತ್ತು, ಗಾಡಿಯ ತಲೆಯ ಮೇಲೆ ತಗಡಿನ ಊಟದ ಡಬ್ಬಿ ಕುಣಿಯುತ್ತಿತ್ತು. ಬೆಳಗಿನ ಗಡಿಬಿಡಿಯಲ್ಲಿ ಇಟ್ಟು ಮರೆತದ್ದು. ಚಿಕ್ಕಂದಿನಿಂದ ಅವಳ ಬುದ್ಧಿಯೇ ಹಾಗೆ. “ಲೆನೋರ್, ಡಬ್ಬಿ ಮೇಲಿದೆ ಕಣೇ” ಎಂದು ಆರ್ಲಿಸ್ ಇಡೀ ಗೇಟಿಗೆ ಕೇಳುವಂತೆ ಕೂಗಿದಳು. ಆಮೇಲೆ ಯಾರೋ ಕಿಸಕ್ಕೆಂದರು, ಆಮೇಲೆ ಗೇಟಿನೆದುರು ನಿಂತವರೆಲ್ಲ ಹೊಟ್ಟೆ ಹಿಡಿದುಕೊಂಡರು, ಕಾವಲಿನ ಪೊಲೀಸನೂ ನಕ್ಕ. ವಾರಗಟ್ಟಲೆ ಅವಳು ಭಾಷಣಕ್ಕೆ ನಿಂತಾಗಲೆಲ್ಲ ಹಿಂದಿನಿಂದ ಒಬ್ಬರು ಡಬ್ಬಿ ಮೇಲಿದೆ ಅನ್ನುತ್ತಿದ್ದರು. ಡೆಲ್ಫಿನ್ ಮಾತ್ರ ನಕ್ಕಿರಲಿಲ್ಲ.

ಬಾಟಲಿಯ ಮುಚ್ಚಳವನ್ನು ಸ್ಕರ್ಟಿನ ಅಂಚಿನಿಂದ ಹಿಡಿದು ತಿರುಗಿಸಿ, ಬೆರಳದ್ದಿ ನಾಲಿಗೆಗಿಟ್ಟಳು. ಮತ್ತೊಮ್ಮೆ ಅದ್ದಿ ಇಟ್ಟಳು. ಆಮೇಲೆ ನಿಧಾನವಾಗಿ ಮೆಟ್ಟಿಲ ಮೇಲೆ ಕೂತಳು. ಬೀಜದ ಒಂದು ಚೂರಿಲ್ಲ. ಸೆಲರಿ ಇಲ್ಲ, ಈರುಳ್ಳಿ ಇಲ್ಲ, ಎಲ್ಲೋ ಒಂದು ಮೂಲೆಯಲ್ಲಿ ಅಂಟಿಕೊಳ್ಳುವ ಪಾತ್ರೆಯ ತಳದ ರುಚಿ ಇಲ್ಲ. ಸಕ್ಕರೆ ಇದೆ, ನಿಂಬೆಯ ಉಪ್ಪಿದೆ, ಕೊನೆಗೆ ನಾಲಿಗೆಯ ಬುಡದಲ್ಲಿ ತಗಡು. ಇದು ಅಂಗಡಿಯದು. ಯಾವುದೋ ದೂರದ ಊರಿನ ಕಾರ್ಖಾನೆಯಲ್ಲಿ ಡಬ್ಬಿಗೆ ತುಂಬಿ, ಅಂಗಡಿಯ ಸಾಲಿನಲ್ಲಿ ಇಟ್ಟಿರುವ, ಯಾರು ಬೇಕಾದರೂ ಕೊಳ್ಳಬಹುದಾದ ರಸ. ಲೆನೋರ್ ಡಬ್ಬಿ ಡಬ್ಬಿ ತಂದು, ಬಾಗಿಲು ಹಾಕಿಕೊಂಡು, ಮನೆಯ ಗಾಜಿನ ಬಾಟಲಿಗೆ ಬಗ್ಗಿಸಿ, ಮುಚ್ಚಳ ಬಿಗಿದು, ಬಹುಶಃ ಮೇಲೆ ಒಂದಿಷ್ಟು ಧೂಳೂ ಸವರಿ ಕಳಿಸಿದ್ದಳು. ಅವಳದ್ದೂ ಒಡೆದಿತ್ತು. ಅವಳ ಪಾತ್ರೆಯ ಹತ್ತಿರವೂ ಯಾರೂ ಇರಲಿಲ್ಲ. ಆರ್ಲಿಸ್ ಬಾಯಿಗೆ ಸೆರಗಿನಂತೆ ಏಪ್ರನ್ನು ಒತ್ತಿಕೊಂಡು ನಕ್ಕಳು, ಆಲೂಗಡ್ಡೆಯ ಮೂಟೆಗೆ ಒರಗಿ ನಕ್ಕಳು. ಮೇಲಿನಿಂದ ಮಾವ ಬಿದ್ದೆಯೇನೇ ಎಂದು ಕೇಳಿದ. ಇಲ್ಲ ಮಾವ, ಸಿಕ್ಕಿತು ಅಂದಳು.

ಸಿಕ್ಕಿದ್ದೇನು ಎಂಬುದು ಬಾಟಲಿಗಳನ್ನು ಹೊತ್ತು ಮೇಲೆ ಬರುವಷ್ಟರಲ್ಲಿ ಅವಳಿಗೆ ಚೆನ್ನಾಗಿ ಗೊತ್ತಾಗಿತ್ತು. ಲೋಟದ ಚಿಂತೆ ಇನ್ನಿಲ್ಲ. ಎಲ್ಲರಿಗೂ ಇದರಲ್ಲೇ ಮಾಡುವುದು. ಕುಡಿಯಲಿ, ಹೊಗಳಲಿ. ಈ ಸಲದ ರಸ ಎಷ್ಟು ಚೆನ್ನಾಗಿದೆ ಎಂದು ಹೇಳಿ ಮುಗಿಸಿದ ಮೇಲೆ, ನಡುಮನೆಯ ಮಧ್ಯೆ ನಿಂತು, ದನಿ ಏರಿಸದೆ, ಇದು ಲೆನೋರ್ ಯಾವ ಅಂಗಡಿಯಲ್ಲಿ ಕೊಂಡದ್ದು ಎಂದು ಅವಳನ್ನೇ ಕೇಳುವುದು. ಅಷ್ಟೇ ಸಾಕು. ಒಳಗೆ ಹೋದವಳು ಇಲ್ಲೂ ಹಿಂಬಾಗಿಲಿಂದಲೇ ಬಂದಿದ್ದಾಳೆ ಎಂದು ಡೆಲ್ಫಿನ್ ಉಳಿದದ್ದನ್ನು ಹೇಳಿಕೊಳ್ಳುತ್ತಾಳೆ. ಆಮೇಲೆ ಲೋಟ ಕೊಡು ಅಂತ ಅಮ್ಮ ಹೇಗೆ ಹೇಳುತ್ತಾಳೆ? ದೊಡ್ಡ ಹೂಜಿಗೆ ರಸ ಬಗ್ಗಿಸಿದಳು. ತುರಿದ ಬೇರು, ಕರಿಮೆಣಸು, ಕಪ್ಪು ಹುಳಿ ಸಾಸು, ಸೆಲರಿ ಉಪ್ಪು, ಸೌತೆ ಉಪ್ಪಿನಕಾಯಿಯ ನೀರು, ನಿಂಬೆ, ಕೊನೆಗೆ ವೋಡ್ಕಾ. ಕೈ ತಾನಾಗಿ ಓಡುತ್ತಿತ್ತು. ಕಡ್ಡಿಗಳಿಗೆ ಚೀಸಿನ ತುಂಡು, ಆಲಿವ್, ಉಪ್ಪಲ್ಲಿ ಹಾಕಿದ ಪುಟ್ಟ ಈರುಳ್ಳಿ ಪೋಣಿಸುವಾಗ ಒಂದು ವಿಚಿತ್ರ ಯೋಚನೆ ಬಂತು: ಆ ದೂರದ ಊರಿನ ಕಾರ್ಖಾನೆಯಲ್ಲೂ ಯಾರೋ ಹೆಂಗಸರು ಸಾಲಾಗಿ ನಿಂತು ಈ ಟೊಮೆಟೊ ಆರಿಸಿರಬೇಕು. ಅವರಲ್ಲೂ ಯಾರಾದರೂ ಗೇಟಿನ ಹೊರಗೆ, ಯಾರಾದರೂ ಒಳಗೆ. ಈ ಹೂಜಿಯಲ್ಲಿ ಯಾವ ಅಕ್ಕ ಇದ್ದಾಳೋ, ಯಾವ ತಂಗಿಯೋ. ಆ ಯೋಚನೆಯನ್ನು ಅವಳು ಈರುಳ್ಳಿಯ ಜೊತೆ ಚುಚ್ಚಿ ಪಕ್ಕಕ್ಕಿಟ್ಟಳು. ಹಬ್ಬದ ದಿನ ಇಷ್ಟೊಂದು ಓದಿದ್ದು ನೆನಪಾಗಬಾರದು.

ಬೂಟಿನ ಸದ್ದು, ಹಿಮ ಕೊಡವುವ ಸದ್ದು. ಬಾಗಿಲು ತೆರೆಯಿತು. ಅಮ್ಮನ ಕೈಗೆ ಲೋಟ, ಬಿಯರು. ಡೆಲ್ಫಿನ್‌ಳ ಕೈಗೆ ಲೋಟ, ಬಿಯರು. ಡೆಲ್ಫಿನ್ ಒಳಗೆ ಹೋಗಲಿಲ್ಲ, ಬಾಗಿಲ ಪಕ್ಕದ ಕುರ್ಚಿಯಲ್ಲೇ ಕೂತಳು, ಸಿನಿಮಾಕ್ಕೆ ಮುಂದಿನ ಸಾಲು ಹಿಡಿದವಳ ಹಾಗೆ. ಗೇಲಾರ್ಡ್ ಬಂದ, ಅವನು ಕಾರ್ಖಾನೆಯವನಲ್ಲ, ಅವನ ಕೈಗೆ ಕೊಡಲು ಯಾವ ಪ್ರತಿಜ್ಞೆಯೂ ಅಡ್ಡವಿಲ್ಲ. ಎರಡೂ ಕೈ ತುಂಬಿದ ಮೇಲೆ ಬೂಟು ಬಿಚ್ಚುವುದು ಹೇಗೆಂದು ತಿಳಿಯದೆ ಪಾಪ ಬೆನ್ನು ನೆಟ್ಟಗಿಟ್ಟುಕೊಂಡು ಅಲ್ಲೇ ಒಂದು ಸುತ್ತು ತಿರುಗಿದ. ಅವನು ಸರಿದ ಮೇಲೆ ಕಾಲೊರಸಿನ ಮೇಲೆ ಲೆನೋರ್ ಇದ್ದಳು. ಬೂದು ಬಣ್ಣದ ಕೋಟು, ಕನ್ನಡಕದ ಮೇಲೆ ಮಂಜು. ಮಂಜಿನ ಹಿಂದೆ ಕಣ್ಣು ಕಾಣುತ್ತಿರಲಿಲ್ಲ, ಅದೊಂದು ಉಪಕಾರ. ಆರ್ಲಿಸ್ ಉಳಿದೆರಡು ಲೋಟಗಳಿದ್ದ ತಟ್ಟೆಯನ್ನು ಮುಂದೆ ಚಾಚಿದಳು. ಕೈಯಿಂದ ಕೈಗಲ್ಲ, ತಟ್ಟೆ. ತಟ್ಟೆಯಿಂದ ಎತ್ತಿಕೊಂಡರೆ ಅದು ಕೊಟ್ಟದ್ದಲ್ಲ, ಎತ್ತಿಕೊಂಡದ್ದು. ಇಷ್ಟು ಸಣ್ಣ ವಕೀಲಿಕೆ ತನ್ನೊಳಗೆ ಯಾವಾಗ ಬಂದು ಸೇರಿತೋ. ಲೆನೋರ್ ತಟ್ಟೆಯನ್ನು ನೋಡಿದಳು, ಮಂಜು ಕರಗುವವರೆಗೂ ನೋಡಿದಳು. ಆಮೇಲೆ ತಗೋತೀನಿ ಬಿಡು ಅಂದಳು. ತೆಗೆದುಕೊಳ್ಳಲೂ ಇಲ್ಲ, ಒಳಗೆ ಬರಲೂ ಇಲ್ಲ. ಗ್ಲೌಸು ತೊಟ್ಟ ಕೈ ಮುಂದೆ ಕಟ್ಟಿಕೊಂಡು, ಬಸ್ಸಿಗೆ ಕಾಯುವವಳಂತೆ ಕಾಲೊರಸಿನ ಮೇಲೆ ನಿಂತಳು. ಬಾಗಿಲು ಹಾಕಿಕೊಳ್ಳಿ, ಚಳಿ ಎಂದು ಯಾರೋ ಅಂದರು. ಲೆನೋರ್ ಬಾಗಿಲನ್ನು ತಾನೇ ಹಾಕಿ ಅದಕ್ಕೆ ಬೆನ್ನು ಕೊಟ್ಟು ನಿಂತಳು.

ಒಳಗೆ ಎಲ್ಲರೂ ಅದನ್ನು ಕಾಣದವರ ಹಾಗೆ ಸ್ವಲ್ಪ ಹೆಚ್ಚೇ ಗಟ್ಟಿಯಾಗಿ ಮಾತಾಡತೊಡಗಿದರು. ಪಾದ್ರಿಯ ನೆಗಡಿ, ಜಿಂಕೆಯ ಕೊಂಬು, ರಸ್ತೆಯ ಮಂಜುಗಡ್ಡೆ. ಲೋಟಗಳು ಏರಿದವು. ಆರ್ವಿಲ್ ಮಾವ ಒಂದು ಗುಟುಕಿಗೆ ನಿಂತು, ಲೋಟವನ್ನು ಬೆಳಕಿಗೆ ಹಿಡಿದು, ಆರ್ಲಿಸ್ ಕಡೆ ಕಣ್ಣು ಕಿರಿದು ಮಾಡಿ, ಮಹಡಿ ಕೆಡವಿಸಿದೆಯಲ್ಲ, ಬೇಗ ಆಯ್ತು ಕೆಲಸ ಅಂದ. ಡೆಲ್ಫಿನ್ ಕೂಡ ಕುಡಿದು, ಹೊಗಳುವುದು ಅವಳ ಜಾಯಮಾನವಲ್ಲದಿದ್ದರೂ, ಈ ಸಲದ್ದು ರೇಷ್ಮೆ ಥರ ಇದೆ ಕಣೇ ಆರ್ಲಿಸ್, ಒಬ್ಬಳೇ ಹೇಗೆ ಮಾಡಿದೆ ಎಂದಳು. ಆರ್ಲಿಸ್ ಬಾಯಿ ತೆರೆಯುವ ಮೊದಲೇ ಅಮ್ಮ ತನ್ನ ಆರಾಮ ಕುರ್ಚಿಯಿಂದ, ಇಷ್ಟು ಹೊತ್ತು ಇದಕ್ಕೇ ಕಾದಿದ್ದವಳಂತೆ, ಕತ್ತು ಉದ್ದ ಮಾಡಿ ಹೇಳಿದಳು.

“ಆರ್ಲಿಸ್‌ದಲ್ಲ. ಅದು ನಮ್ಮ ಲೆನೋರ್ ಮಾಡಿದ ರಸ.”

ಡೆಲ್ಫಿನ್‌ಳ ಲೋಟ ತುಟಿಗೂ ಮಡಿಲಿಗೂ ನಡುವೆ ನಿಂತಿತು. ನುಂಗಿದ್ದನ್ನು ಏನು ಮಾಡಬೇಕೆಂದು ಅವಳ ಗಂಟಲು ಯೋಚಿಸುತ್ತಿರುವುದು ಹೊರಗೆ ಕಾಣುತ್ತಿತ್ತು. ಮಾವ ಮಾತ್ರ ಇನ್ನೊಂದು ಗುಟುಕು ಎಳೆದು, ನಂದು ಅರ್ಧ ಆಗಲೇ ಒಳಗೆ ಹೋಯ್ತು, ಹೊರಗೆ ಕರೆಸೋಕಾಗಲ್ಲ ಅಂದ. ಯಾರೂ ನಗಲಿಲ್ಲ. ಡೆಲ್ಫಿನ್ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಈ ದಿನ ಮೊದಲ ಸಲ ಲೆನೋರಳ ಕಡೆ ಮಾತು ತಿರುಗಿಸಿದಳು.

“ಹೌದಾ ಲೆನೋರ್? ಹೆಚ್ಚಿದವರು ಯಾರು, ಕಲಕಿದವರು ಯಾರು? ಇದು ಒಬ್ಬರ ಕೈಯಲ್ಲಿ ಆಗೋ ಕೆಲಸ ಅಲ್ವಲ್ಲ.”

ಆರ್ಲಿಸ್ ಬಯಸಿದ್ದಕ್ಕಿಂತ ಚೆನ್ನಾಗಿ ಎಲ್ಲವೂ ಸಿದ್ಧವಾಗಿತ್ತು. ಅವಳು ಒಂದು ಹೆಜ್ಜೆ ಮುಂದಿಟ್ಟರೆ ಸಾಕಿತ್ತು. ಲೆನೋರ್ ಡೆಲ್ಫಿನ್‌ಳನ್ನು ನೋಡುತ್ತಿರಲಿಲ್ಲ, ಅಕ್ಕನನ್ನು ನೋಡುತ್ತಿದ್ದಳು. ಆ ನಾಲಿಗೆಯನ್ನು ಮೋಸಗೊಳಿಸಲು ಆಗುವುದಿಲ್ಲ ಎಂದು ಹುಟ್ಟಿದಾಗಿನಿಂದ ಬಲ್ಲವಳ ಮುಖ. ಮುಖದಲ್ಲಿ ರಕ್ತವಿರಲಿಲ್ಲ. ಈ ಮುಖವನ್ನು ಆರ್ಲಿಸ್ ಎಲ್ಲೋ ನೋಡಿದ್ದಳು, ಎಲ್ಲಿ, ಎಲ್ಲಿ, ಪ್ಯಾಕಿಂಗ್ ಸಾಲಿನಲ್ಲಿ, ಮೇಲ್ವಿಚಾರಕ ಒಂದು ಪೊಟ್ಟಣವನ್ನು ಎತ್ತಿ ದೀಪಕ್ಕೆ ಹಿಡಿದು, ಇದು ಯಾರದು ಎಂದು ಕೇಳಿ, ಉತ್ತರ ಗೊತ್ತಿದ್ದೂ ಬೇಕೆಂದೇ ಸಾಲಿನುದ್ದಕ್ಕೂ ನಿಧಾನವಾಗಿ ನಡೆಯುತ್ತಿದ್ದಾಗ. ಆಗ ಎಲ್ಲ ಹೆಂಗಸರ ಮುಖವೂ ಹೀಗೇ ಆಗುತ್ತಿತ್ತು, ಆರ್ಲಿಸ್‌ಳದೂ. ಅವನ ಷೂಸಿನ ಸದ್ದನ್ನು ಅವಳು ಅದೆಷ್ಟು ದ್ವೇಷಿಸಿದ್ದಳು. ಸಂಘಕ್ಕೆ ಸೇರಿದ್ದು, ಓದಿದ್ದು, ಕೂಗಿದ್ದು, ಚಳಿಯಲ್ಲಿ ನಿಂತದ್ದು, ಎಲ್ಲದರ ಬುಡದಲ್ಲಿ ಆ ಸದ್ದು. ಈಗ ಪೊಟ್ಟಣ ತನ್ನ ಕೈಯಲ್ಲಿದೆ. ದೀಪವೂ ಇದೆ. ತನ್ನ ಕಾಲು ನಡೆಯಲು ಎತ್ತಿದೆ. ಥೂ ಅನಿಸಿತು. ಯಾರಿಗೆ ಅಂದದ್ದು ಎಂದು ಸ್ಪಷ್ಟವಿರಲಿಲ್ಲ.

“ಹೆಚ್ಚಿದವಳೂ ಅವಳೇ, ಕಲಕಿದವಳೂ ಅವಳೇ,” ಅಂದಳು ಆರ್ಲಿಸ್. “ಉಪ್ಪು ಸ್ವಲ್ಪ ಮುಂದಾಗಿತ್ತು, ನಾನು ಸರಿಮಾಡಿದೆ. ಕುಡಿ ಡೆಲ್ಫಿನ್. ಪ್ರತಿಜ್ಞೆ ಕೊಡೋದರ ಬಗ್ಗೆ ಇರೋದು, ಕುಡಿಯೋದರ ಬಗ್ಗೆ ಅಲ್ಲ. ಬರೆದವಳು ನಾನು, ನನಗೆ ಗೊತ್ತು.”

ಹೇಳಿ, ಲೆನೋರ್ ಎತ್ತಿಕೊಳ್ಳದ ಲೋಟಗಳನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಖಾಲಿ ತಟ್ಟೆಯನ್ನು ಗುರಾಣಿಯಂತೆ ಎದೆಗೆ ಹಿಡಿದುಕೊಂಡು ಅಡುಗೆಮನೆಗೆ ನಡೆದಳು. ತಾನು ಸುಳ್ಳು ಹೇಳಿದ್ದಕ್ಕೆ ಬೇಜಾರಾಗಲಿಲ್ಲ; ಅಂಗಡಿಯ ರಸವನ್ನು ರೇಷ್ಮೆ ಎಂದು ಒಪ್ಪಿಕೊಳ್ಳಬೇಕಾಯಿತಲ್ಲ ಎಂದು ಬೇಜಾರಾಯಿತು. ಹಿಂದೆ ಬೂಟಿನ ಸದ್ದು ಬಂತು. ಲೆನೋರ್ ಕಾಲೊರಸು ಬಿಟ್ಟು, ಲೋಟವಿಲ್ಲದೆ, ಬೂಟು ಬಿಚ್ಚದೆ, ಅಮ್ಮನ ಹಬ್ಬದ ಜಮಖಾನೆಯ ನಟ್ಟನಡುವೆ ಹಿಮದ ನೀರಿನ ಹೆಜ್ಜೆ ಬಿಡುತ್ತ ಬಂದು ಬಾಗಿಲ ಚೌಕಟ್ಟಿನಲ್ಲಿ ನಿಂತಳು. ನಡುಮನೆಯಲ್ಲಿ ಅಮ್ಮ ಜಮಖಾನೆ ಎಂದಳು, ಮಾವ ಸುಮ್ಮನಿರೇ ಎಂದ.

“ನಾಲಿಗೆಗೆ ಇಟ್ಟ ಕೂಡಲೇ ಗೊತ್ತಾಗಿದೆ ನಿನಗೆ,” ಅಂದಳು ಲೆನೋರ್, ದನಿ ಇಳಿಸಿ.

ಆರ್ಲಿಸ್ ಸಿಂಕಿನಲ್ಲಿ ತಟ್ಟೆ ತೊಳೆಯತೊಡಗಿದಳು. ತೊಳೆಯುವಂಥದ್ದೇನೂ ಅದರ ಮೇಲಿರಲಿಲ್ಲ. ಯಾಕೆ ಹೇಳಲಿಲ್ಲ ಎಂದು ತಂಗಿ ಕೇಳಿದಳು. ಹೇಳಿಬಿಡಬೇಕಿತ್ತು, ಅವಳೆದುರಿಗೆ ನಿನ್ನಿಂದ ಕಾಪಾಡಿಸಿಕೊಳ್ಳೋದಕ್ಕಿಂತ ಅದೇ ವಾಸಿ, ನಾನು ಬೆಳಗಿಂದ ಬೈಸಿಕೊಳ್ಳೋಕೆ ತಯಾರಾಗಿ ಬಂದಿದ್ದೆ, ಗಾಡೀಲಿ ಗೇಲಾರ್ಡ್ ಹತ್ತಿರ ಉತ್ತರ ಕೂಡ ಹೇಳಿ ನೋಡಿದ್ದೆ ಅಂದಳು. ಹೇಳಿ ಮೂಗೊರೆಸಿಕೊಂಡಳು.

“ಗೇಟು ದಾಟಿದ್ದಕ್ಕೆ ನಿನ್ನ ಮೇಲೆ ಸಿಟ್ಟಿದೆ,” ಅಂದಳು ಆರ್ಲಿಸ್, ತಟ್ಟೆಗೆ. “ಅದು ಹೋಗಲ್ಲ. ನಾನು ಹೋಗೋಕೆ ಬಿಡೋದೂ ಇಲ್ಲ. ಆದರೆ ಅದು ಗೇಟಿನ ಸಿಟ್ಟು. ಟೊಮೆಟೊ ಹೆಸರಲ್ಲಿ ತೀರಿಸಿಕೊಂಡ್ರೆ ಸಸ್ತಾ ಆಗುತ್ತೆ.”

“ಬಿಡಬೇಡ,” ಅಂದಳು ಲೆನೋರ್. “ನೀನೂ ಬಿಟ್ಟುಬಿಟ್ರೆ ನಾನು ಮಾಡಿದ್ದು ಸರಿ ಅಂತ ಆಗಿಬಿಡುತ್ತೆ.”

ಯಾವ ಗುರುವಾರವೂ ಈ ಮಾತು ಯಾವ ಪುಟದಲ್ಲೂ ಬಂದಿರಲಿಲ್ಲ. ಆರ್ಲಿಸ್ ನಲ್ಲಿ ನಿಲ್ಲಿಸಿದಳು. ಹೂಜಿಯಲ್ಲಿ ಇನ್ನೂ ರಸವಿತ್ತು, ಮೇಜಿನ ಮೇಲೆ ಒಂದು ಖಾಲಿ ಲೋಟ, ಒಂದು ಕಡ್ಡಿ. ಕೈ ತಾನಾಗಿ ಅತ್ತ ಹೋಯಿತು, ಅವಳು ಅದನ್ನು ಹಿಂದಕ್ಕೆಳೆದು ಏಪ್ರನ್ನಿನ ಜೇಬಿಗೆ ತುರುಕಿದಳು. ನನ್ನ ಕೈಯಿಂದ ನಿನಗೆ ಕೊಡೋಕಾಗಲ್ಲ, ಅಷ್ಟು ಜನರ ಎದುರು ಅಂದದ್ದು ಎಂದಳು. ನಾನು ಕೇಳಿಲ್ಲವಲ್ಲ ಎಂದು ಲೆನೋರ್ ಅಂದಳು. ನಡುಮನೆಯ ಕಿವಿಗಳೆಲ್ಲ ಗೋಡೆಯ ಆ ಬದಿಗೆ ಅಂಟಿಕೊಂಡಿದ್ದವು. ಡೆಲ್ಫಿನ್ ಎದ್ದು ಬಂದು ಲೆನೋರಳ ಬೆನ್ನ ಹಿಂದೆಯೇ ನಿಂತಿದ್ದಳು, ಮುಚ್ಚುಮರೆಯಿಲ್ಲದೆ, ಸಾಕ್ಷಿಗೆ.

“ನೀನು ಕುಡಿದೆಯಾ ಅಕ್ಕ?” ಎಂದು ಲೆನೋರ್ ಕೇಳಿದಳು.

ಇಲ್ಲ. ಎಲ್ಲರ ಕೈಗೂ ಕೊಟ್ಟವಳಿಗೆ ಕೊಡುವವರು ಯಾರು? ಈ ಮನೆಯಲ್ಲಿ ಯಾರಿಗೂ ಅದು ತೋಚಿದ್ದೇ ಇಲ್ಲ. ಲೆನೋರ್ ಗ್ಲೌಸನ್ನು ಹಲ್ಲಿನಿಂದ ಕಿತ್ತು ಮೇಜಿನ ಮೇಲೆಸೆದಳು. ಲೋಟ ತೆಗೆದುಕೊಂಡಳು. ಹೂಜಿಯನ್ನು ಮುಟ್ಟಲಿಲ್ಲ. ಒಲೆಯ ಪಕ್ಕ ತಲೆತಗ್ಗಿಸಿ ನಿಂತಿದ್ದ ಆರ್ಲಿಸ್‌ಳ ಬಾಟಲಿಯನ್ನೇ ಎತ್ತಿಕೊಂಡು, ಗೆರೆಯನ್ನು ಒಂದು ಕ್ಷಣ ನೋಡಿ, ಬಗ್ಗಿಸಿದಳು. ವೋಡ್ಕಾ ಹಾಕಿದಳು, ಅಳತೆಯಿಲ್ಲ. ತುರಿದ ಬೇರನ್ನು ಹಿಡಿಹಿಡಿಯಾಗಿ ಹಾಕಿದಳು. ನಿಂಬೆ ಹಿಂಡಿದ್ದರಲ್ಲಿ ಅರ್ಧ ಮೇಜಿಗೆ ಬಿತ್ತು. ಕೋಟಿನ ತೋಳು ಲೋಟದಲ್ಲಿ ಅದ್ದಿ ಕೆಂಪಾಯಿತು. ಅವಳಿಗೆ ಇದನ್ನು ಮಾಡಿ ಅಭ್ಯಾಸವಿರಲಿಲ್ಲ, ಕಲಕುವುದಷ್ಟೇ ಗೊತ್ತಿತ್ತು, ಅದನ್ನು ಮಾತ್ರ ಬಹಳ ಚೆನ್ನಾಗಿ ಮಾಡಿದಳು. ಆಮೇಲೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಅಕ್ಕನ ಮುಂದೆ ಚಾಚಿದಳು.

ಆರ್ಲಿಸ್ ಡೆಲ್ಫಿನ್‌ಳ ಮುಖ ನೋಡಲಿಲ್ಲ. ಜೇಬಿನಿಂದ ಕೈ ತೆಗೆದು, ತಂಗಿಯ ಕೈಯಿಂದಲೇ ಲೋಟ ತೆಗೆದುಕೊಂಡಳು. ದೊಡ್ಡ ಗುಟುಕು. ಘಾಟು ಮೂಗಿನ ಮೂಲಕ ಏರಿ ಹಣೆಯ ಹಿಂದೆಲ್ಲೋ ಸಿಡಿಯಿತು, ಕೆಮ್ಮು ಬಂತು, ಕಣ್ಣಿನಿಂದ ನೀರು ಕೆನ್ನೆಯ ಮೇಲೆ ಧಾರಾಳವಾಗಿ ಇಳಿಯಿತು. ಒರೆಸಿಕೊಳ್ಳುವ ಗೋಜಿಗೆ ಹೋಗಲಿಲ್ಲ, ಕಾರಣ ಎಲ್ಲರಿಗೂ ಕಾಣುವಂತೆ ಲೋಟದಲ್ಲೇ ಇತ್ತು.

“ಬಾಯಿಗಿಡೋ ಹಾಗಿಲ್ಲ,” ಅಂದಳು ಆರ್ಲಿಸ್, ದನಿ ಹೊರಟ ಮೇಲೆ. “ಆ ಕೋಟು ಬಿಚ್ಚಿ ಇನ್ನೊಂದು ಮಾಡು.”